ಹಿಂದಿನ ಸೀಟಿನಲ್ಲಿ ಅಕ್ಕಿ ಮುಡಿ

ಕಳೆದ ಶುಕ್ರವಾರ ನನ್ನ ಕಾರಿನ ಹಿಂದಿನ ಸೀಟಿನಲ್ಲಿ, ಅಮ್ಮನ ಬದಲಿಗೆ, ಒಂದು ಅಕ್ಕಿ ಮುಡಿಯನ್ನು ಕೂರಿಸಿದೆವು.

ತಮಾಷೆಯಲ್ಲ. ಕಾರಣ ಹೇಳುತ್ತೇನೆ.

ಅಮ್ಮನಿಗೆ ಮಣಿಪಾಲದಲ್ಲಿ ಬೆನ್ನಿನ ಆಪರೇಷನ್ ಆಗಿತ್ತು. ಶನಿವಾರ ಡಿಸ್ಚಾರ್ಜ್. ಕಾಪುವಿನ ಮನೆಗೆ ಕರೆದೊಯ್ಯಬೇಕು. "ದಾರಿಯಲ್ಲಿ ಜರ್ಕ್ ಆಗಬಾರದು" ಎಂದು ಡಾಕ್ಟರು ಎರಡೆರಡು ಸಲ ಹೇಳಿದ್ದರು. ನಮ್ಮ ಅಂಬಾಸಿಡರಿಗೋ ಹದಿನಾಲ್ಕು ವರ್ಷ. (ಅಪ್ಪನ ಕಾಲದ್ದು. ನಾನು ಅದರಲ್ಲೇ ಕಾರ್ಕಳದ ಕಾಲೇಜಿಗೆ ಹೋಗಿ ಫಿಸಿಕ್ಸ್ ಕಲಿಸಿ ಬರುತ್ತೇನೆ.) ಸಣ್ಣ ಗುಂಡಿಗೂ ಮುಂದಿನ ಚಕ್ರದ ಕಡೆಯಿಂದ 'ಕಟ್' ಎಂಬ ಸದ್ದು, ಜೊತೆಗೇ ಸೊಂಟಕ್ಕೊಂದು ಏಟು.

ಕಾರಣ ನನಗೆ ಗೊತ್ತಿತ್ತು. ಬುಶ್. ಚಕ್ರವನ್ನು ಹಿಡಿದಿರುವ ಕಬ್ಬಿಣದ ತೋಳು ಕಾರಿಗೆ ಸೇರುವಲ್ಲಿ ಕೂರುವ ರಬ್ಬರಿನ ತುಂಡು. ರಸ್ತೆಯ ಪೆಟ್ಟನ್ನು ಅದು ತಿನ್ನುತ್ತದೆ. ಅದು ಹರಿದರೆ ನಾವು ತಿನ್ನಬೇಕು. ಆದರೆ ಹೊಸ ಬುಶ್ ಹಾಕಿಸಿ ಎರಡು ತಿಂಗಳೂ ಆಗಿರಲಿಲ್ಲ!

ಹಾಕಿದವರು ಕಡಿಯಾಳಿಯ ಮೆಕ್ಯಾನಿಕ್ ವಾಸಣ್ಣ. ಶುಕ್ರವಾರ ರಜೆ ಹಾಕಿ ಅವರ ಗ್ಯಾರೇಜಿಗೆ ಹೋದೆ. ನಾನು ಜಗಳವಾಡುವವಳಲ್ಲ. ಆದ್ದರಿಂದ ಹೇಳಬೇಕಾದ್ದನ್ನು ದಾರಿಯಲ್ಲೇ ಸಿದ್ಧಪಡಿಸಿಕೊಂಡಿದ್ದೆ. ಮೂರು ವಾಕ್ಯ. ವಿನಯವಾಗಿ, ಸ್ವಲ್ಪ ಖಾರವಾಗಿ. ಅವರು "ಪಾರ್ಟ್ ಡುಪ್ಲಿಕೇಟ್" ಎನ್ನಬಹುದು, "ರೋಡ್ ಸರಿಯಿಲ್ಲ" ಎನ್ನಬಹುದು. ಹೆಂಗಸರ ಡ್ರೈವಿಂಗನ್ನೂ ಎಳೆದು ತರಬಹುದು. ಎಲ್ಲಕ್ಕೂ ಉತ್ತರವಿತ್ತು.

ವಾಸಣ್ಣ ಹರಿದ ಬುಶ್ಶನ್ನು ಬಿಚ್ಚಿ, ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು.

"ಟೀಚರೇ, ಇದು ಬುಶ್ಶಿನ ತಪ್ಪಲ್ಲ. ನನ್ನದು."

"ನಿಮ್ಮದಾ? ಹೇಗೆ?" ಎಂದೆ.

"ಹೋದ ಸಲ ಕಾರು ಜಾಕ್ ಮೇಲಿರುವಾಗಲೇ ನಟ್ ಟೈಟ್ ಮಾಡಿಬಿಟ್ಟೆ. ಚಕ್ರ ಜೋತುಬಿದ್ದಿತ್ತು ಅಲ್ವಾ? ಕೆಳಗಿಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡಿತು. ಕಾರು ನಿಂತಿದ್ದರೂ ತಿರುಚಿಯೇ ಇರ್ತದೆ. ಹರಿಯದೆ ಎಂತ ಮಾಡ್ತದೆ ಪಾಪ?"

(ವಸ್ತುಗಳ ತಿರುಚುವಿಕೆ! ವರ್ಷ ವರ್ಷವೂ ಬೋರ್ಡಿನ ತುಂಬ ಬರೆದು ಕಲಿಸುವ ಪಾಠ. ಇಷ್ಟು ದಿನ ಅದರ ಮೇಲೆಯೇ ಕೂತು ಓಡಾಡಿದ್ದೆ.)

ಈ ಸಲ ಹೊಸ ಬುಶ್ ಕೂರಿಸಿ, ನಟ್ಟುಗಳನ್ನು ಸಡಿಲವಾಗಿಯೇ ಬಿಟ್ಟು, ಕಾರನ್ನು ನೆಲಕ್ಕಿಳಿಸಿ ಗ್ಯಾರೇಜಿನ ನೆಲದಲ್ಲಿ ತೋಡಿದ ಪಿಟ್ ಮೇಲೆ ತಂದು ನಿಲ್ಲಿಸಿದರು.

"ನಾಳೆ ಯಾರು ಯಾರು ಕೂರುವುದು?"

"ನಾನು, ಅಮ್ಮ."

"ಅಮ್ಮ ಎಷ್ಟು ಕಿಲೋ?"

ಇಂಥ ಪ್ರಶ್ನೆಗಳಿಗೆ ನಾನು ಸಾಮಾನ್ಯವಾಗಿ ಉತ್ತರಿಸುವುದಿಲ್ಲ. ಅಂದು ಉತ್ತರಿಸಿದೆ. "ನಲವತ್ತು. ಆಪರೇಷನ್ ಆದಮೇಲೆ."

ವಾಸಣ್ಣ ಪಕ್ಕದ ಅಕ್ಕಿ ಅಂಗಡಿಯತ್ತ ಕೂಗಿದರು. "ಶೆಣೈ ಮಾಮ್, ಒಂದು ಮುಡಿ ಕೊಡಿ. ಹತ್ತು ನಿಮಿಷಕ್ಕೆ."

ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ, ಸುಮಾರು ನಲವತ್ತು ಕಿಲೋ ಅಕ್ಕಿಯ ಮುಡಿಯನ್ನು ಇಬ್ಬರೂ ಹೊತ್ತು ತಂದು ಸೀಟಿನ ಮೇಲಿಟ್ಟರು.

"ಎಂತ ಮಾರಾಯ, ನನ್ನ ಮುಡಿಗೆ ಕಾರಿನ ಯೋಗ ಉಂಟು, ನನಗಿಲ್ಲ!" ಎಂದರು ಶೆಣೈ.

"ನೀವು ಕೂತರೆ ಎರಡು ಅಮ್ಮನ ತೂಕ ಆಗ್ತದೆ ಮಾಮ್. ಅದಕ್ಕೇ ಕರೆಯಲಿಲ್ಲ."

ನಾನು ಸ್ಟಿಯರಿಂಗ್ ಮುಂದೆ ಕೂತೆ. ವಾಸಣ್ಣ ಬಾನೆಟ್ಟನ್ನು ಎರಡು ಸಲ ಒತ್ತಿ ಬಿಟ್ಟರು. ಕಾರು ತೂಗಿ ತಾನಾಗಿ ನಿಂತ ಮೇಲೆ ಪಿಟ್ಟಿಗಿಳಿದು ನಟ್ಟುಗಳನ್ನು ಬಿಗಿದರು. "ಇನ್ನು ನಾಳೆಯ ಭಾರಕ್ಕೆ ರಬ್ಬರ್ ತಿರುಚುವುದಿಲ್ಲ" ಎಂದರು.

ಮರುದಿನ ಮಣಿಪಾಲದಿಂದ ಹೊರಟಾಗ ಅಮ್ಮ ಹಿಂದೆ ಮಲಗಿ ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದಳು. ಪ್ರತಿ ಗುಂಡಿಗೂ ನಾನು ಕನ್ನಡಿ ನೋಡುತ್ತಿದ್ದೆ. ಉದ್ಯಾವರ ದಾಟುವಾಗ ಆ ಕೈ ಸಡಿಲವಾಯಿತು. ಕಟಪಾಡಿಯಲ್ಲಿ ನಿದ್ದೆ. ಮನೆಯ ಮುಂದೆ ಎಬ್ಬಿಸಿದರೆ, "ಇಷ್ಟು ಬೇಗ ಬಂತಾ?" ಎಂದಳು.

ವಾಸಣ್ಣ "ಪಾರ್ಟ್ ಡುಪ್ಲಿಕೇಟ್" ಎಂದಿದ್ದರೆ? ನಾನು ನನ್ನ ಮೂರು ವಾಕ್ಯ ಒಪ್ಪಿಸಿ ಬೇರೆಲ್ಲಿಗೋ ಹೋಗುತ್ತಿದ್ದೆ. ಅಲ್ಲಿಯೂ ಕಾರನ್ನು ಜಾಕ್ ಮೇಲಿಟ್ಟೇ ಬಿಗಿಯುತ್ತಿದ್ದರೋ ಏನೋ.

ತಪ್ಪೇ ಮಾಡದ ಮೆಕ್ಯಾನಿಕ್ಕನನ್ನು ಹುಡುಕಿ ದಣಿಯಬೇಡಿ. "ನನ್ನದು" ಎನ್ನುವವರು ಸಿಕ್ಕಿದರೆ ಗ್ಯಾರೇಜು ಬದಲಾಯಿಸಬೇಡಿ.