ತೊಟ್ಟಿಗೆ ಇಳಿಸದ ಕಂದೀಲು

೧೯೭೯ರಲ್ಲಿ ನಾನು ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವ ರಸ್ತೆಯ ಪಕ್ಕದ ಒಂದು ಸಣ್ಣ ಔಷಧಿ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿದ್ದೆ. ನನ್ನ ಊರು ಚನ್ನಗಿರಿ. ಎಂ.ಎಸ್ಸಿ. ಮುಗಿಸಿ, ಎರಡು ವರ್ಷ ಬೇರೆ ಕಡೆಯ ದೊಡ್ಡ ಫ್ಯಾಕ್ಟರಿಯಲ್ಲಿ ಕೆಲಸ ಕಲಿತು ಬಂದಿದ್ದೆ. ವಯಸ್ಸು ಇಪ್ಪತ್ತೇಳು, ಸಿಟ್ಟು ಮೂಗಿನ ತುದಿಯಲ್ಲಿ. ಕೆಲಸಗಾರರು ಶಾಲೆಯ ಟೀಚರನ್ನು ಕರೆದಂತೆ ನನ್ನನ್ನು 'ಅಕ್ಕೋರೆ' ಎನ್ನುತ್ತಿದ್ದರು. ನಾನೂ ಟೀಚರಂತೆಯೇ ಗದರುತ್ತಿದ್ದೆ.

ನಮ್ಮದು ಚಂಗಲಕೋಷ್ಟದ ಗೆಡ್ಡೆಯಿಂದ ಡಯೋಸ್ಜೆನಿನ್ ತೆಗೆಯುವ ಕೆಲಸ. ಹಾರ್ಮೋನು ಮಾತ್ರೆಗಳಿಗೆ ಬೇಕಾದ ಕಚ್ಚಾವಸ್ತು ಅದು. ಗೆಡ್ಡೆಯೊಳಗೆ ಸಕ್ಕರೆಗೆ ಅಂಟಿಕೊಂಡಿರುವುದರಿಂದ ಸುಲಭಕ್ಕೆ ಕೈಗೆ ಬರುವುದಿಲ್ಲ. ಗೆಡ್ಡೆಯನ್ನು ಅರೆದು, ನೀರು ಬೆರೆಸಿ, ನಾಲ್ಕು ದಿನ ಬೆಚ್ಚಗೆ ಬಿಟ್ಟರೆ ಅದರಲ್ಲೇ ಇರುವ ಎನ್‌ಜೈಮುಗಳು ಆ ಅಂಟನ್ನು ಕತ್ತರಿಸುತ್ತವೆ. ಜೀವಕೋಶದ ಗೋಡೆ ಸಡಿಲಾಗಲೆಂದು ಸೆಲ್ಯುಲೇಸ್ ಎಂಬ ಇನ್ನೊಂದು ಎನ್‌ಜೈಮಿನ ಪುಡಿಯನ್ನೂ ಹಾಕುತ್ತಿದ್ದೆವು. ಈ ನಾಲ್ಕು ದಿನಗಳಲ್ಲಿ ಅದು ದೋಸೆ ಹಿಟ್ಟಿನ ಹಾಗೆ ಹುದುಗಿ ಗುಳ್ಳೆ ಬಿಡುತ್ತಿತ್ತು. ಆಮೇಲೆ ಆಸಿಡ್‌ನಲ್ಲಿ ಕುದಿಸಿ, ಒಣಗಿಸಿ, ಕಿಡಿ ತಾಗಿದರೆ ಹೊತ್ತಿಕೊಳ್ಳುವ ಹೆಕ್ಸೇನ್ ಎಂಬ ಸಾಲ್ವೆಂಟಿನಿಂದ ಡಯೋಸ್ಜೆನಿನ್ ಬೇರ್ಪಡಿಸಬೇಕು.

ಹುದುಗಿಸುವ ತೊಟ್ಟಿಯನ್ನು ನೆಲದೊಳಗೆ ಕಟ್ಟಿ ಎಂದು ಹೇಳಿದವನು ತಿಪ್ಪೇಸ್ವಾಮಿ. ಜಗಳೂರು ಕಡೆಯ ಐವತ್ತರ ಆಳು, ನಮ್ಮ ಮೇಸ್ತ್ರಿ. ಅವನ ಊರಲ್ಲಿ ಜೋಳವನ್ನು ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿದ ಕಣಜದಲ್ಲಿ, ತುಂಬಿಡುತ್ತಾರೆ. "ಹಗೇವು ಹೆಂಗೆ ಬೆಚ್ಚಗಿರ್ತೈತೋ ಇದೂ ಹಂಗೇ ಇರ್ತೈತೆ ರೀ," ಎಂದ. ಅವನ ಮಾತಿನಂತೆ ಹನ್ನೊಂದು ಅಡಿ ಆಳದ, ಕಿರಿದಾದ ಬಾಯಿಯ ಸಿಮೆಂಟ್ ತೊಟ್ಟಿ ಕಟ್ಟಿಸಿದೆ.

ಮೊದಲ ಸಲ ತೊಟ್ಟಿ ತೊಳೆಯುವ ದಿನ ತಿಪ್ಪೇಸ್ವಾಮಿ ಹಗ್ಗಕ್ಕೆ ಕಂದೀಲು ಕಟ್ಟಿ, ಹಚ್ಚಿ, ಒಳಗೆ ಇಳಿಸಲು ಹೊರಟಿದ್ದ. ನಾನು ಕೂಗಾಡಿದೆ. ಸಾಲ್ವೆಂಟ್ ಬಳಸುವ ಜಾಗದಲ್ಲಿ ಬೆಂಕಿಯ ಕಿಡಿಯೂ ಇರಬಾರದು ಎಂಬುದು ನಾನು ಕಲಿತುಬಂದ ಮೊದಲ ಪಾಠ. "ಇದು ನಿಮ್ಮೂರ ಹಗೇವಲ್ಲ, ಫ್ಯಾಕ್ಟರಿ," ಎಂದು ಕಂದೀಲು ಕಿತ್ತುಕೊಂಡು ಆಫೀಸಿನ ಮೊಳೆಗೆ ನೇತುಹಾಕಿದೆ. ಯಾಕೆ ಇಳಿಸುತ್ತೀಯ ಎಂದು ಮಾತ್ರ ಕೇಳಲಿಲ್ಲ.

ಅಂದು ಏನೂ ಆಗಲಿಲ್ಲ. ಅದು ಬರೀ ನೀರು ತುಂಬಿ ಪರೀಕ್ಷಿಸಿದ ತೊಟ್ಟಿ. ಅನಾಹುತವಾದದ್ದು ಗೆಡ್ಡೆಯ ಮೊದಲ ಕಂತು ಹುದುಗಿ ಮುಗಿದ ಸೋಮವಾರ. ಬೆಳಿಗ್ಗೆ ರಸವನ್ನೆಲ್ಲ ಪಂಪಿನಲ್ಲಿ ಎತ್ತಿಯಾಗಿತ್ತು. ತಳದ ಗಸಿ ಕೆರೆಯಲು ನ್ಯಾಮತಿಯ ಹಾಲೇಶ ಸಲಿಕೆ ಹಿಡಿದು ಏಣಿ ಇಳಿದ. ಅವನದು ನೀರಾವರಿ ಸೀಮೆ, ಹಗೇವು ಕಂಡವನಲ್ಲ. ನಾನು ಪಕ್ಕದಲ್ಲೇ ನಿಂತು ಪುಸ್ತಕದಲ್ಲಿ ಉಷ್ಣತೆ ಬರೆದುಕೊಳ್ಳುತ್ತಿದ್ದೆ.

ಸಲಿಕೆ ಬಿದ್ದ ಸದ್ದಾಯಿತು. ಬಗ್ಗಿ ನೋಡಿದೆ. ಹಾಲೇಶ ಗೋಡೆಗೆ ಒರಗಿ ಕುಸಿದಿದ್ದ, ತಲೆ ಎದೆಗೆ ಬಿದ್ದಿತ್ತು. ಕೂಗಿದರೆ ಅಲುಗಲಿಲ್ಲ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಏಣಿಗೆ ಕಾಲಿಟ್ಟೆ. ಎರಡು ಮೆಟ್ಟಿಲು ಇಳಿದಿರಬೇಕು, ಓಡಿಬಂದ ತಿಪ್ಪೇಸ್ವಾಮಿ ನನ್ನ ರಟ್ಟೆ ಹಿಡಿದು ಮೇಲಕ್ಕೆಳೆದ.

"ಇಳೀಬ್ಯಾಡ್ರಿ ಅಕ್ಕೋರೆ! ಒಳಗೆ ಕೆಟ್ಟ ಗಾಳಿ ನಿಂತೈತೆ. ನೀವೂ ಹೋಗ್ತೀರಿ!"

ಆಗ ಹೊಳೆಯಿತು. ಹುದುಗಿದ ನಾಲ್ಕು ದಿನವೂ ಹೊರಟ ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರ. ರಸ ಎತ್ತಿದರೂ ಅದು ಎಲ್ಲಿಗೆ ಹೋದೀತು? ನೀರಿನಂತೆ ತಳದಲ್ಲೇ ನಿಂತಿತ್ತು. ಪರೀಕ್ಷೆಯಲ್ಲಿ ಇದನ್ನು ಪುಟಗಟ್ಟಲೆ ಬರೆದು ಪಾಸಾದವಳು ನಾನು!

ತಿಪ್ಪೇಸ್ವಾಮಿ ಕಂಬಳಿಯ ನಾಲ್ಕು ಮೂಲೆಗೆ ಹಗ್ಗ ಬಿಗಿದು ತೊಟ್ಟಿಗೆ ಇಳಿಬಿಟ್ಟ. ಇಬ್ಬರು ಕೆಲಸಗಾರರು ಅದನ್ನು ರಪರಪನೆ ಎತ್ತಿ ಇಳಿಸಿ ಒಳಗಿನ ಗಾಳಿ ಕದಡಿದರು. ಹಗೇವಿನವರು ಹೀಗೇ ಮಾಡುತ್ತಾರಂತೆ. ನನಗೋ ಒಂದೊಂದು ಕ್ಷಣವೂ ಹಾಲೇಶನ ಜೀವ ಸೋರಿಹೋಗುತ್ತಿರುವಂತೆ ಕಾಣುತ್ತಿತ್ತು. ಆಮೇಲೆ ತಿಪ್ಪೇಸ್ವಾಮಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಇನ್ನೊಂದು ಹಗ್ಗ ಹೆಗಲಿಗೆ ಹಾಕಿಕೊಂಡ.

"ನಾ ಹಗ್ಗ ಜಗ್ಗಿದ ಕೂಡ್ಲೆ ಎಳೀರಿ. ಜಗ್ಗದಿದ್ರೂ ಎಳೀರಿ."

ಉಸಿರು ಬಿಗಿಹಿಡಿದು ಇಳಿದ. ಅವನ ಸೊಂಟದ ಹಗ್ಗ ನನ್ನ ಕೈಯಲ್ಲೂ ಇತ್ತು. ಅಂಥ ಭಯ ಅದಕ್ಕೆ ಮೊದಲೂ ಬಂದಿಲ್ಲ, ಆಮೇಲೂ ಬಂದಿಲ್ಲ. ಇವನೂ ಬಿದ್ದರೆ ಎಂದು ಹಗ್ಗವನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡೆ. ಹಾಲೇಶನ ಕಂಕುಳ ಕೆಳಗೆ ಹಗ್ಗ ಸುತ್ತಿ ಗಂಟು ಹಾಕಿದವನೇ ಜಗ್ಗಿದ. ಇಬ್ಬರನ್ನೂ ಎಳೆದು ಹಾಕಿದೆವು.

ಹಾಲೇಶನ ತುಟಿ ನೀಲಿಯಾಗಿತ್ತು. ಬಾಯಿಗೆ ಬಾಯಿಟ್ಟು ಉಸಿರು ಊದಿದೆ. ಯಾರು ಏನಂದುಕೊಂಡರೋ ಗೊತ್ತಿಲ್ಲ. ಕೊನೆಗೆ ಗೊರಕೆಯಂಥ ಒಂದು ಉಸಿರು ಬಂತು. ಗೆಡ್ಡೆ ತಂದಿದ್ದ ಲಾರಿಯಲ್ಲೇ ಹೊನ್ನಾಳಿ ಆಸ್ಪತ್ರೆಗೆ ಒಯ್ದೆವು. ಸಂಜೆ ಹೊತ್ತಿಗೆ ಅವನು ಕಣ್ಣು ಬಿಟ್ಟು ಕಾಫಿ ಕೇಳಿದ.

ಆಸ್ಪತ್ರೆಯ ಜಗುಲಿಯಲ್ಲಿ ನಾನು ತಿಪ್ಪೇಸ್ವಾಮಿಯ ಮೇಲೇ ಹರಿಹಾಯ್ದೆ. "ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ?"

ಅವನು ಟವಲಿನಿಂದ ಮುಖ ಒರೆಸಿಕೊಂಡ. "ದೀಪ ಆರಿದ್ರೆ ಇಳೀಬಾರ್ದು ಅನ್ನಾಕೇ ರೀ ಕಂದೀಲು ಬಿಡೋದು. ನೀವು ಬ್ಯಾಡ ಅಂದ್ರಿ. ಓದಿದೋರು, ಅದಕ್ಕೆ ಬೇರೆ ಏನಾರ ಮಾಡಿರ್ತಾರೆ ಅಂದ್ಕೊಂಡೆ."

ನಾನು ಬೇರೆ ಏನೂ ಮಾಡಿರಲಿಲ್ಲ. ಇನ್ನೊಂದು ಮಾತನ್ನು ಅವನಿಗೆ ಹೇಳಲಿಲ್ಲ: ಯಾವ ಹೆಕ್ಸೇನಿಗೆ ಹೆದರಿ ದೀಪ ಬೇಡ ಎಂದಿದ್ದೆನೋ ಅದರ ಡ್ರಮ್ಮುಗಳು ನಮ್ಮ ಕಾರ್ಖಾನೆಗೆ ಇನ್ನೂ ಬಂದೇ ಇರಲಿಲ್ಲ.

ಆಮೇಲೆ ಸಾಲ್ವೆಂಟ್ ಶೆಡ್ಡನ್ನು ಹಿತ್ತಲಿನ ಆ ತುದಿಗೆ ಕಟ್ಟಿಸಿದೆ, ತೊಟ್ಟಿಗೆ ಗಾಳಿ ಊದುವ ಬ್ಲೋವರ್ ತರಿಸಿದೆ. ಒಂದು ಪದ್ಧತಿಯನ್ನು ಬೇಡ ಎನ್ನುವ ಮೊದಲು ಅದು ಯಾವ ಅಪಾಯವನ್ನು ತಡೆಯುತ್ತಿದೆ ಎಂದು ಕೇಳಬೇಕು. ಕೆಲಸ ನನಗೆ ಕಲಿಸಿದ್ದು ಇಷ್ಟೇ, ಕಲಿಸಿದ ರೀತಿ ಮಾತ್ರ ಭಯಂಕರ.

ಹದಿನೈದು ದಿನ ಕಳೆದು ಹಾಲೇಶ ಕೆಲಸಕ್ಕೆ ಬಂದ. ಎರಡನೆಯ ಕಂತಿನ ರಸವನ್ನು ಅಂದೇ ಎತ್ತಿ ತೊಟ್ಟಿ ಖಾಲಿ ಮಾಡಿದ್ದೆವು. ತೊಟ್ಟಿಯ ಬಾಯಲ್ಲಿಟ್ಟ ಬ್ಲೋವರ್ ಬೆಳಗಿನಿಂದ ಓಡುತ್ತಲೇ ಇತ್ತು. ಸಾಕು ಎಂದುಕೊಂಡು ನಿಲ್ಲಿಸಿದೆ. ಹಾಲೇಶ ತೊಟ್ಟಿಯ ಬಾಯಿಗೆ ಬಂದು ನಿಂತ, ಏಣಿ ಮುಟ್ಟಲಿಲ್ಲ.

"ಅಕ್ಕೋರೆ, ಒಂದ್ಸಲ ದೀಪ ಬಿಡ್ರಿ. ಆಮೇಲೆ ಇಳೀತೀನಿ."

ಆಫೀಸಿನ ಮೊಳೆಯಿಂದ ಕಂದೀಲು ತಂದು, ನಾನೇ ಹಚ್ಚಿ, ನಾನೇ ಹಗ್ಗ ಬಿಟ್ಟೆ. ಆರು ಅಡಿ, ಏಳು ಅಡಿ, ಎಂಟು ಅಡಿ. ತಳ ಮುಟ್ಟಲು ಇನ್ನೂ ಮೂರು ಅಡಿ ಇರುವಾಗ ದೀಪ ಆರಿತು.