ಎಂಟು ಸೆಕೆಂಡಿನ ಸಂಗೀತ ನಿರ್ದೇಶಕರು

ಕನ್ನಡಕದಂಗಡಿಯ ಈ ಮ್ಯಾನೇಜರನ್ನು ಮನೆಯವರು ಸಂಗೀತ ನಿರ್ದೇಶಕರೆಂದೇ ಕರೆಯುತ್ತಾರೆ. ಅದು ಹೊಗಳಿಕೆಯಲ್ಲವೆಂಬುದು ಅವರ ತಲೆಗಿನ್ನೂ ಹೋಗಿಲ್ಲ. ಎರಡು ವರ್ಷದಿಂದ ಕಂಪ್ಯೂಟರಿನಲ್ಲಿ ಹಾಡು ಕಟ್ಟುತ್ತಿದ್ದಾರೆ. ಇನ್ನೂರ ಹನ್ನೊಂದು ಹಾಡುಗಳಾಗಿವೆ, ಒಂದೊಂದೂ ಎಂಟೇ ಸೆಕೆಂಡಿನದು. ಅಲ್ಲಿಗೆ ಬಂದು ಗಾಡಿ ನಿಂತರೆ, ಅವರ ಪ್ರಕಾರ ತಪ್ಪು ಡ್ರಮ್ಮಿನದು. ಹೊಸ ಡ್ರಮ್ಮಿನ ಸದ್ದು ತರಿಸುತ್ತಾರೆ. ಆಮೇಲೆ ತಪ್ಪು ಸ್ಪೀಕರಿನದು, ಅದಾದ ಮೇಲೆ ಗೋಡೆಯದು. ಸದ್ದು ಹೊರಹೋಗದಂತೆ ಕೋಣೆಯ ಗೋಡೆಗೆಲ್ಲ ಸ್ಪಂಜು ಮೆತ್ತಿದ್ದಾರೆ, ಬಾಗಿಲು ಮಾತ್ರ ತೆರೆದೇ ಇಡುತ್ತಾರೆ, ಯಾರ ಕಿವಿಗಾದರೂ ಬೀಳಲಿ ಎಂದು. "ಈ ಬೇಸ್ ಸದ್ದೊಂದು ಸರಿಹೋಗ್ಲಿ, ಮುಂದಿಂದು ನೀರು ಕುಡಿದಷ್ಟು ಸುಲಭ" ಎನ್ನುತ್ತ ಅದೇ ಎಂಟು ಸೆಕೆಂಡನ್ನು ಭಾನುವಾರವಿಡೀ ತಿರುಗಿಸುತ್ತಾರೆ. ಮೊನ್ನೆ ಕೋಣೆಯಿಂದ ಹೊರಗೆ ಬಂದಾಗ ಬಟ್ಟೆ ಮಡಚುತ್ತಿದ್ದ ಅತ್ತೆ ಏನೋ ಗುನುಗುತ್ತಿದ್ದರು. ಶುರುವೇನೋ ಗೊತ್ತಿದ್ದದ್ದೇ, ಆದರೆ ರಾಗ ನಿಲ್ಲದೆ ಮುಂದೆ ಹೋಯಿತು, ಮೇಲೇರಿತು, ಸುತ್ತಿ ಬಳಸಿ ಶುರುವಾದಲ್ಲಿಗೇ ಮರಳಿತು. "ಯಾವ ಹಾಡದು?" ಎಂದು ಕೇಳಿದರು ನಿರ್ದೇಶಕರು. "ನಿಮ್ದೇ ಅಲ್ವಾ ಅಳಿಯಂದ್ರೇ," ಎಂದರು ಅತ್ತೆ, "ನೀವು ಅಲ್ಲಿಗೇ ನಿಲ್ಲಿಸ್ಬಿಡ್ತೀರಿ. ನಂಗಿನ್ನೂ ಬಟ್ಟೆ ಉಳಿದಿರುತ್ತಲ್ಲ, ಮುಂದಿಂದು ನಾನೇ ಮಾಡ್ಕೊಂಡೆ." ನಿರ್ದೇಶಕರು ಬುಟ್ಟಿಯಿಂದ ಒಂದು ಅಂಗಿ ಎತ್ತಿಕೊಂಡರು, ಮಡಚುವ ನೆಪದಲ್ಲಿ ಪಕ್ಕದಲ್ಲೇ ಕೂತರು, ತಲೆ ತಗ್ಗಿಸಿ ಅಂದರು: "ಅದನ್ನ ಇನ್ನೊಂದ್ಸಲ ಹಾಡಿ. ನಿಧಾನಕ್ಕೆ."