ವೈಫೈಗೂ ಕೊಂಡಿ ಬೇಕಂತ

ದೋಸ್ತರ, ಇವತ್ತ ನನ್ನ ಮುಂದ ವೈರ್‌ಲೆಸ್ ಅಂತ ಯಾರೂ ಅನ್ನಬ್ಯಾಡ್ರಿ.

ಕಂಪನಿಯವರು ‘ಇದರಾಗ ನಡಿಯೂದಿಲ್ಲ’ ಅಂದ್ರೂ ಕೇಳದ, ಹಳೇ ಲ್ಯಾಪ್‌ಟಾಪಿಗೆ ಹೊಸಾ ಆಪರೇಟಿಂಗ್ ಸಿಸ್ಟಮ್ ಹಾಕಿದೆ. ಎಲ್ಲಾ ಬಂತು, ವೈಫೈ ಒಂದ ಬರಲಿಲ್ಲ. ಡ್ರೈವರ್ ಬೇಕಂತ. ಆ ಡ್ರೈವರ್ ಇಳಿಸ್ಕೋಬೇಕಂದ್ರ ನೆಟ್ ಬೇಕಂತ! ಇತ್ತ ಐದ ಗಂಟೆದೊಳಗ ಸಾಲಿ ಹುಡುಗರ ಮಾರ್ಕ್ಸ್ ಕಳಸಬೇಕು. ಹೆಡ್‌ಮಾಸ್ತರು ಎರಡ ಸಲ ಫೋನ್ ಮಾಡ್ಯಾರ.

ಮಗ್ಗದಾಗ ಕುಂತ ಸೀರಿ ನೇಯಾಕತ್ತಿದ್ದ ಅವ್ವ ಕೇಳಿದ್ಲು: “ಏನಾಗೇತೋ ಅದಕ್ಕ?”

“ವೈಫೈ ಕಾರ್ಡ್ ಐತಿ ಬೇ, ಸಿಸ್ಟಮ್ಮೂ ಐತಿ. ಎರಡೂ ಕೂಡಸೂ ಡ್ರೈವರ್ ಇಲ್ಲ.”

“ಅಂದ್ರ, ಒಡಲಿನ ಎಳಿಗೆ ಸೆರಗಿನ ಎಳಿ ಕೂಡಸೂ ಕೊಂಡಿ ಹಾಕದನ ಸೀರಿ ನೇಯಾಕ ಕುಂತಿ ಅನ್ನು! ಇಳಕಲ್ಲಾಗ ಹುಟ್ಟಿ ಇಷ್ಟೂ ಗೊತ್ತಿಲ್ಲಂದ್ರ ಹೆಂಗೋ?”

ಸಿಟ್ಟ ಬಂತು. ಆದ್ರ ಆಕಿ ಹೇಳಿದ್ದು ಖರೆ ಇತ್ತು. ಕಡೀಕ ಚಾರ್ಜರ್ ವೈರಿನಿಂದ ಮೊಬೈಲ್ ಲ್ಯಾಪ್‌ಟಾಪಿಗೆ ಜೋಡಿಸಿ, ಮೊಬೈಲ್ ನೆಟ್‌ನಿಂದ ಮಾರ್ಕ್ಸ್ ಕಳಿಸಾಕತ್ತಿದೆ.

ಅವ್ವ ಕುತ್ತಿಗಿ ಉದ್ದ ಮಾಡಿ ವೈರ್ ನೋಡಿದ್ಲು. “ನೆಟ್ ಗಾಳಿಯಾಗ ಬರತೈತಿ ಅಂತಿದ್ದಿ. ಕಡೀಕ ಎಳೀನ ಬೇಕಾತಲ್ಲೋ?”

ಉತ್ತರ ಕೊಡಬೇಕಂತ ಮೊಬೈಲ್ ಹಿಡಕೊಂಡ ಎದ್ದೆ. ವೈರ್ ಗಿಡ್ಡ ಇತ್ತು, ಮತ್ತ ಕುಂತೆ.